ತಾರೀಕು ಕೇಳುತ್ತಿದ್ದ ಬ್ರದರ್

ಮೊನ್ನೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಗೇಟಿನ ಹತ್ತಿರ ಹೋದಾಗ ಕಂಬಿಯ ಸಂದಿನಲ್ಲಿ ಯಾರೋ ಒಂದು ಹಳದಿ ಕರಪತ್ರ ಸಿಕ್ಕಿಸಿ ಹೋಗಿದ್ದರು. ಆಗ ಐದೂ ಮುಕ್ಕಾಲು. ನಾನು ಏಳುವುದು ಐದಕ್ಕೆ, ಹಾಲು ಒಲೆಯ ಮೇಲಿಡುವುದು ಐದೂ ಐವತ್ತಕ್ಕೆ. ನಡುವೆ ಏನನ್ನೂ ಓದುವ ರೂಢಿಯಿಲ್ಲ. ಆದರೆ ಕಾಗದ ಬಿಡಿಸಿದ ಕೂಡಲೇ ಅಗ್ಗದ ಮಸಿಯ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ತಂದು ಒಲೆಯ ಮುಂದೆ ನಿಂತು ಓದಿದೆ. ಕ್ರಿಸ್ತನ ನಂಬಿಕೆಯ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಹತ್ತು ಪ್ರಶ್ನೆಗಳು, ಅವಕ್ಕೆ ಹತ್ತು ಉತ್ತರಗಳು. ಒಳ್ಳೆಯ ಕೆಲಸ ಮಾಡಿದರೆ ಪಾಪದಿಂದ ರಕ್ಷಣೆ ಸಿಗುವುದಿಲ್ಲವೇ? ಇಲ್ಲ. ಕ್ರೈಸ್ತ ಮನೆತನದಲ್ಲೇ ಹುಟ್ಟಿದ್ದೇನೆ, ಸಾಲದೇ? ಸಾಲದು. ರಕ್ಷಣೆ ಹೊಂದಿದ್ದೇನೆ ಎಂದು ಖಚಿತವಾಗಿ ತಿಳಿಯುವುದು ಹೇಗೆ? ಈ ಕೆಳಗಿನ ಪ್ರಾರ್ಥನೆ ಹೇಳಿ, ಇಂದಿನ ತಾರೀಕು ಬರೆದುಕೊಳ್ಳಿ. ಕೆಳಗೆ ಚುಕ್ಕಿಗಳ ಗೆರೆ, ತಾರೀಕಿಗೆ ಒಂದು, ಸಹಿಗೆ ಒಂದು. ಹೊಸ ನಲ್ಲಿ ಸಂಪರ್ಕಕ್ಕೆ ಅರ್ಜಿ ಹಾಕುವ ಹಾಗೆ.

ಹಾಲು ಉಕ್ಕಿ ಒಲೆಯೆಲ್ಲಾ ಹಾಳಾಯಿತು. ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕಿ ಎಷ್ಟೋ ವರ್ಷಗಳಾಗಿದ್ದವು. ಅದನ್ನೂ ನಾನು ಬ್ರದರ್ ತಲೆಗೇ ಕಟ್ಟುತ್ತೇನೆ.

ವಿಜಯನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ನಾಯಂಡಹಳ್ಳಿಯಲ್ಲಿ ಅವರದೊಂದು ಲೇತ್ ಶಾಪ್ ಇತ್ತು. ವಯಸ್ಸಾದ ಮೇಲೆ ಅದನ್ನು ಮಗನಿಗೆ ಬಿಟ್ಟುಕೊಟ್ಟು, ಅದರ ಮಹಡಿಯ ಮೇಲೆ ತಗಡಿನ ಚಾವಣಿ ಹಾಕಿಸಿ, ನಲವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿ ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಕೆಳಗೆ ಕಬ್ಬಿಣ ಕೊರೆಯುವ ಸದ್ದು, ಮೇಲೆ ಸ್ತೋತ್ರ. ಅವರ ಉಗುರುಗಳ ಕೆಳಗೆ ಹಳೆಯ ಆಯಿಲ್ ಕಪ್ಪಾಗಿ ಕೂತುಬಿಟ್ಟಿತ್ತು. ಬೋಲ್ಟಿಗೆ ನಟ್ಟು ಹುಡುಕಿ ಕೂರಿಸಿದ ಹಾಗೆಯೇ ಅವರು ಮನುಷ್ಯರ ಪ್ರಶ್ನೆಗಳಿಗೆ ಉತ್ತರ ಕೂರಿಸುತ್ತಿದ್ದರು. ಕೂರದಿದ್ದರೆ ತಪ್ಪು ಪ್ರಶ್ನೆಯದ್ದು.

ಅವರು ಬರುತ್ತಿದ್ದುದು ಬುಧವಾರ ನಾಲ್ಕು ಗಂಟೆಗೆ. ಅಂದರೆ ನಾಲ್ಕೂ ಇಪ್ಪತ್ತಕ್ಕೆ. ಚಪ್ಪಲಿಯನ್ನು ಸರಿಯಾಗಿ ಬಾಗಿಲ ನಡುವೆ ಬಿಡುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಲೋಟ ಹಿಡಿದು, ತಣ್ಣಗಾಗುವ ತನಕ ಮಾತಾಡಿ, ಆಮೇಲೆ ತಣ್ಣಗಿದೆ ಎಂದು ಹೇಳಿ ಕುಡಿಯುತ್ತಿದ್ದರು. ಮೂವತ್ತೈದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು ನಾನು. ಇಂಥವರನ್ನು ವಿಸಿಟಿಂಗ್ ಅವರ್ ಮುಗಿಯುವ ಮೊದಲೇ ಹೊರಗೆ ಕಳಿಸಿದ್ದೇನೆ. ಆದರೆ ಬ್ರದರ್ ಬರುತ್ತಿದ್ದುದು ನನ್ನನ್ನು ನೋಡಲು ಅಲ್ಲ, ನನ್ನ ತಂಗಿಯನ್ನು ನೋಡಲು.

ತಂಗಿ ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೆ ಬಂದವಳು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಹೊಲಿಗೆ ಕಲಿಸುವ ಟೀಚರ್ ಆಗಿದ್ದಳು, ಯಾರನ್ನೂ ಗದರಿದವಳಲ್ಲ. ಹೃದಯ ದೊಡ್ಡದಾಗಿ, ಕಾಲಿನಲ್ಲಿ ನೀರು ತುಂಬಿಕೊಂಡು, ಹತ್ತು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಉಪ್ಪಿಲ್ಲದ ಊಟ, ಅಳತೆ ಮಾಡಿದ ನೀರು, ಹೊತ್ತಿಗೆ ಸರಿಯಾಗಿ ಮಾತ್ರೆ, ದಿನಕ್ಕೊಮ್ಮೆ ತೂಕ. ಎಲ್ಲವನ್ನೂ ನಾನು ಚಾರ್ಟಿನಲ್ಲಿ ಬರೆದಿಡುತ್ತಿದ್ದೆ.

ಬ್ರದರ್ ಮೊದಲ ಸಲ ಬಂದಾಗ, ಆ ಊದಿದ ಕಾಲುಗಳನ್ನು ಕಣ್ಣಾರೆ ನೋಡಿಯೂ ಅವರು ಕೇಳಿದ ಮೊದಲ ಪ್ರಶ್ನೆ ಇದು:

“ಸಿಸ್ಟರ್, ಈಗ ಈ ಕ್ಷಣ ನೀವು ಸತ್ತುಹೋದ್ರೆ ಎಲ್ಲಿಗೆ ಹೋಗ್ತೀರಾ?”

ಎದುರಿಗಿದ್ದವರು ಹೃದ್ರೋಗಿ ಎನ್ನುವುದು ಆ ಮನುಷ್ಯನಿಗೆ ಅಡ್ಡಿಯೇ ಆಗಲಿಲ್ಲ. ಯಾರನ್ನು ಕಂಡರೂ ಅದೇ ಮೊದಲ ಪ್ರಶ್ನೆ ಎಂದು ಅವರಿಗೆ ಎಲ್ಲೋ ತರಬೇತಿ ಕೊಟ್ಟಿದ್ದರಂತೆ.

“ಶವಾಗಾರಕ್ಕೆ,” ಎಂದೆ ನಾನು. “ಡಾಕ್ಟರು ಬಂದು ಸಹಿ ಹಾಕಿದ ಮೇಲೆ.”

ತಂಗಿ ನಕ್ಕುಬಿಟ್ಟಳು. ಬ್ರದರ್ ನಗಲಿಲ್ಲ. ನನ್ನ ಕಡೆ ನೋಡಿ ತಲೆಯಾಡಿಸಿದರು, ಗುಣವಾಗದ ರೋಗಿಯನ್ನು ನೋಡಿ ಹೊಸ ಡಾಕ್ಟರು ತಲೆಯಾಡಿಸುತ್ತಾರಲ್ಲ, ಹಾಗೆ.

ಪ್ರತಿ ಬುಧವಾರವೂ ಅವರ ಸಾಕ್ಷಿ ಇರುತ್ತಿತ್ತು. ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಎಂದು ಎದ್ದು ನಿಂತು ಹೇಳುವುದಕ್ಕೆ ಅವರ ಕಡೆಯವರು ಸಾಕ್ಷಿ ಎನ್ನುತ್ತಾರೆ. ಯೌವನದಲ್ಲಿ ಕುಡಿತ, ಜಗಳ. ಒಂದು ದಿನ ಹಗಲು ಹನ್ನೊಂದೂ ಹತ್ತಕ್ಕೆ ಲೇತ್ ಮುಂದೆ ನಿಂತಿದ್ದಾಗ ಕರೆಂಟ್ ಹೋಯಿತು. ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ಯೇಸು ನನ್ನನ್ನು ಹೆಸರು ಹಿಡಿದು ಕರೆದ. ಅಲ್ಲೇ ಕಬ್ಬಿಣದ ಚೂರುಗಳ ಮೇಲೆ ಮೊಣಕಾಲೂರಿದೆ... ಹೀಗೆ ಹೇಳಿ, ಆಮೇಲೆ ತಾರೀಕು, ತಿಂಗಳು, ವರ್ಷ, ವಾರ ಹೇಳುತ್ತಿದ್ದರು. ಕರೆಂಟ್ ಹೋದಾಗಲೆಲ್ಲಾ ರಕ್ಷಣೆ ಸಿಗುವುದಾದರೆ ಬೆಂಗಳೂರಿನಲ್ಲಿ ಒಬ್ಬ ಪಾಪಿಯೂ ಉಳಿಯುತ್ತಿರಲಿಲ್ಲ ಎಂದು ನಾನು ಅಡುಗೆಮನೆಯಿಂದ ತಂಗಿಗೆ ಕೇಳುವ ಹಾಗೆ ಹೇಳಿದ್ದೆ. ಬ್ರದರ್‌ಗೂ ಕೇಳಿಸಿರಬೇಕು.

ತೊಂದರೆ ಶುರುವಾದದ್ದು ಆ ತಾರೀಕಿನಿಂದ. ಅವರ ಕೂಟದಲ್ಲಿ ಒಂದು ರೂಢಿ ಇತ್ತು. ಪ್ರತಿಯೊಬ್ಬರೂ ತಾವು ರಕ್ಷಣೆ ಹೊಂದಿದ ದಿನವನ್ನು ಸತ್ಯವೇದದ, ಅಂದರೆ ಬೈಬಲಿನ, ಮೊದಲ ಖಾಲಿ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಪಕ್ಕದ ಬೀದಿಯ ಹೆಂಗಸೊಬ್ಬರು ವರ್ಷವರ್ಷವೂ ಆ ದಿನ ಕೇಕ್ ಕತ್ತರಿಸಿ ನಮ್ಮ ಮನೆಗೂ ತುಂಡು ಕಳಿಸುತ್ತಿದ್ದರು. ನನ್ನ ತಂಗಿಯ ಪುಸ್ತಕದ ಮೊದಲ ಹಾಳೆ ಖಾಲಿ ಇತ್ತು. ಅದರಲ್ಲಿ ಬರೆಯಲು ಅವಳಿಗೆ ಏನೂ ಇರಲಿಲ್ಲ.

ನಮ್ಮದು ತುಮಕೂರು ಕಡೆಯ ಮಿಷನ್ ಕಾಂಪೌಂಡಿನ ಮನೆತನ. ಅಪ್ಪ ಮಿಷನ್ ಶಾಲೆಯ ಮೇಷ್ಟ್ರು. ಹುಟ್ಟಿದ ತಿಂಗಳಲ್ಲೇ ದೀಕ್ಷಾಸ್ನಾನ, ಐದು ವರ್ಷಕ್ಕೆ ಭಾನುವಾರದ ಪಾಠ, ಆರನೇ ಕ್ಲಾಸಿನಿಂದ ಹಾಸ್ಟೆಲ್. ಅಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ, ಐದೂ ಕಾಲಿಗೆ ಪ್ರಾರ್ಥನೆ. ಇಂಥ ದಿನದಿಂದ ನಂಬತೊಡಗಿದೆವು ಎಂದು ನಾವು ಹೇಗೆ ಹೇಳುವುದು? ಹಲ್ಲುಜ್ಜಲು ಯಾವಾಗ ಶುರು ಮಾಡಿದಿರಿ ಎಂದು ಕೇಳಿದ ಹಾಗೆ.

ತಂಗಿ ಒಂದು ಬುಧವಾರ ಹೆದರುತ್ತಲೇ ಇದನ್ನು ಬ್ರದರ್‌ಗೆ ಹೇಳಿದಳು. ತನಗೆ ತಾರೀಕು ನೆನಪಿಲ್ಲ, ಮೊದಲಿನಿಂದಲೂ ಯೇಸುವನ್ನು ನಂಬಿದ್ದೇನೆ, ಸಾಲದಾ ಎಂದಳು.

“ಹುಟ್ಟಿದ್ದೇ ಗೊತ್ತಿಲ್ಲ ಅಂದ್ರೆ ಹುಟ್ಟಿದೀನಿ ಅಂತ ಹೆಂಗ್ ಹೇಳ್ತೀರಾ ಸಿಸ್ಟರ್?” ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ. ಅವರು ಎಂದೂ ಕೋಪಿಸಿಕೊಳ್ಳುತ್ತಿರಲಿಲ್ಲ. ಆ ಮೃದುತನವೇ ನನಗೆ ಎಲ್ಲಕ್ಕಿಂತ ಅಸಹ್ಯವಾಗುತ್ತಿತ್ತು.

ಅಂದಿನಿಂದ ತಂಗಿಯ ಊಟ ಕಡಿಮೆಯಾಯಿತು. ಹಗಲೆಲ್ಲಾ ಆ ಖಾಲಿ ಹಾಳೆಯನ್ನು ತೆರೆದುಕೊಂಡು ಕೂರುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಬದುಕಿನುದ್ದಕ್ಕೂ ಭಾನುವಾರ ತಪ್ಪಿಸದವಳು, ತಾನು ನರಕಕ್ಕೆ ಹೋಗುತ್ತೇನೇನೋ ಎಂದು ಹೆದರಿ ಕೂತಿದ್ದಳು. ಗಂಡನ ಮುಖ ಮತ್ತೆ ನೋಡುವುದಿಲ್ಲವೇನೋ ಎನ್ನುವುದು ಅವಳ ಭಯ. ಚಾರ್ಟಿನಲ್ಲಿ ತೂಕದ ಗೆರೆ ಒಂದು ಕಡೆಗೆ, ನಾಡಿಯ ಗೆರೆ ಇನ್ನೊಂದು ಕಡೆಗೆ ಹೋಗತೊಡಗಿತು. ಆ ಭಯಕ್ಕೆ ನನ್ನ ಹತ್ತಿರ ಮಾತ್ರೆ ಇರಲಿಲ್ಲ.

ನಮ್ಮ ದೇವಾಲಯದ ಪಾದ್ರಿ ಅಯ್ಯನವರನ್ನು ಕರೆಸಿದೆ. ಒಳ್ಳೆಯ ಮನುಷ್ಯರು, ಯಾವ ಪ್ರಯೋಜನಕ್ಕೂ ಇಲ್ಲದವರು. ಎಲ್ಲಾ ದೇವರಿಗೆ ಗೊತ್ತಮ್ಮಾ ಎಂದರು, ಬಿಸ್ಕತ್ತು ತಿಂದರು, ಬೇರೆ ಮನೆಗೆ ಹೋಗುವುದಿದೆ ಎಂದು ಎದ್ದರು. ದೇವರಿಗೆ ಗೊತ್ತಿರುವುದು ತಂಗಿಗೆ ಗೊತ್ತಾಗಬೇಕಿತ್ತು. ಅದು ಅವರಿಗೆ ಹೊಳೆಯಲಿಲ್ಲ.

ಕಾಗದದ ಪ್ರಶ್ನೆಗೆ ಕಾಗದದಲ್ಲೇ ಉತ್ತರ ಕೊಡಬೇಕು ಎಂದು ನಾನು ತೀರ್ಮಾನಿಸಿದೆ. ಒಂದು ಸೋಮವಾರ ಆರೂವರೆಗೆ ಬಸ್ಸು ಹತ್ತಿ ನಮ್ಮ ಹಳೆಯ ಊರಿಗೆ ಹೋದೆ. ಅಲ್ಲಿನ ಮಿಷನ್ ದೇವಾಲಯದ ಆಫೀಸಿನ ಕಪಾಟಿನಿಂದ ಗೆದ್ದಲು ಹಿಡಿಯದೆ ಉಳಿದಿದ್ದ ರಿಜಿಸ್ಟರ್ ತೆಗೆಸಿ, ತಂಗಿಯ ದೀಕ್ಷಾಸ್ನಾನದ ಸಾಲನ್ನು ನಾನೇ ಹುಡುಕಿ, ನಕಲು ಬರೆಸಿ, ಮೊಹರು ಹಾಕಿಸಿಕೊಂಡು ಸಂಜೆಗೆ ಮನೆ ಸೇರಿದೆ. ಇಷ್ಟು ಅಚ್ಚುಕಟ್ಟಾದ ದಾಖಲೆಯ ಮುಂದೆ ಯಾರ ಬಾಯಿಯೂ ಏಳದು ಎಂದು ನನಗೆ ನಂಬಿಕೆಯಿತ್ತು.

ಬುಧವಾರ ಬ್ರದರ್ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಮೊಹರನ್ನೂ ನೋಡಿದರು.

“ಇದು ನಿಮ್ಮ ಅಪ್ಪಾಜಿ ನಂಬಿಕೆ ಸಿಸ್ಟರ್. ಅವರು ಎತ್ಕೊಂಡು ಹೋಗಿ ನೀರು ಹಾಕಿಸಿದಾರೆ. ತಂಗಿಯವರ ನಂಬಿಕೆ ಎಲ್ಲಿದೆ ಇದರಲ್ಲಿ?”

ತಂಗಿ ಮುಖ ತಗ್ಗಿಸಿದಳು. ನಾನು ಕಾಗದ ವಾಪಸ್ ತೆಗೆದುಕೊಂಡು, ಅವರ ಅರ್ಧ ಕುಡಿದ ಕಾಫಿ ಲೋಟವನ್ನೂ ತೆಗೆದುಕೊಂಡು ಒಳಗೆ ಹೋದೆ.

ಪಕ್ಕದ ಮನೆಯ ಆಂಟಿ ದಾವಣಗೆರೆ ಕಡೆಯವರು, ಲಿಂಗಾಯತರು. ಕಾಂಪೌಂಡ್ ಗೋಡೆಯ ಆಚೆಯಿಂದ ನನ್ನ ಗೊಣಗಾಟ ಕೇಳಿ ಏನಾಯಿತೆಂದು ವಿಚಾರಿಸಿದರು. ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. “ನಮ್ ಕಡೆ ಹುಟ್ಟಿದ ಕೂಸಿಗೇ ಲಿಂಗ ಕಟ್ತಾರ್ರೀ ಸಿಸ್ಟರಮ್ಮ. ಕೂಸಿಗೇನ್ ಗೊತ್ತಿರ್ತೈತಿ? ಕಟ್ಟಿದೋರಿಗೆ ಗೊತ್ತಿದ್ರೆ ಆತಲ್ಲ,” ಎಂದರು. ನಲವತ್ತು ಕುರ್ಚಿಗಳ ಆ ಕೂಟದಲ್ಲಿ ಇಷ್ಟು ಬುದ್ಧಿಯ ಮಾತನ್ನು ಯಾರೂ ಆಡಿರಲಾರರು. ಆದರೆ ತಂಗಿಗೆ ಅದನ್ನು ಹೇಳಿದಾಗ ಅವಳು, ಅವರದ್ದು ಬೇರೆ ಅಕ್ಕ, ಎಂದಳು.

ಮುಂದಿನ ತಿಂಗಳು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ ಎಂದರು. ಹೇಳಬೇಕಾಗಿರಲಿಲ್ಲ. ವಾರಗಳ ಮಾತು ಅದು.

ಅಂದು ಮಧ್ಯಾಹ್ನ ಮೂರರ ಮಾತ್ರೆ ಕೊಡುವಾಗ ತಂಗಿ ನನ್ನ ಕೈ ಹಿಡಿದುಕೊಂಡಳು. ಅಕ್ಕ, ನಿನಗೆ ಎಲ್ಲಾ ಜ್ಞಾಪಕ ಇರುತ್ತಲ್ಲ, ಚಿಕ್ಕಂದಿನಲ್ಲಿ ನಾನು ಯಾವಾಗಲಾದರೂ ಅತ್ತು ಪ್ರಾರ್ಥನೆ ಮಾಡಿದ್ದು, ಯೇಸು ಬಂದ ಅಂತ ಹೇಳಿದ್ದು ನೆನಪಿದೆಯಾ ಎಂದು ಕೇಳಿದಳು. ಅವಳ ತುಟಿ ನೀಲಿಗಟ್ಟಿತ್ತು.

ನೋಡದ ಜ್ವರವನ್ನು ನೋಡಿದೆ ಎಂದು, ಎಣಿಸದ ನಾಡಿಯನ್ನು ಎಣಿಸಿದೆ ಎಂದು ನಾನು ಯಾವತ್ತೂ ಬರೆದವಳಲ್ಲ. ಹಾಗೆ ಬರೆದ ಇಬ್ಬರು ನರ್ಸ್‌ಗಳನ್ನು ಡ್ಯೂಟಿಯಿಂದ ಮನೆಗೆ ಕಳಿಸಿದ್ದೇನೆ. ಆದರೆ ಆ ಮಧ್ಯಾಹ್ನ ನನ್ನ ಬಾಯಿಂದ ಮಾತು ತಾನಾಗಿ ಬಂತು.

“ನೆನಪಿದೆ ಕಣೇ. ನೀನು ಆಗ ಏಳನೇ ಕ್ಲಾಸು. ಹಾಸ್ಟೆಲಲ್ಲಿ, ಶುಭ ಶುಕ್ರವಾರದ ಆರಾಧನೆ ಆದ್ಮೇಲೆ ನೀರಿನ ತೊಟ್ಟಿ ಹತ್ರ ಕೂತ್ಕೊಂಡು ಅಳ್ತಿದ್ದೆ. ಯಾಕೆ ಅಂತ ಕೇಳಿದ್ರೆ, ಯೇಸು ನನ್ನ ಕ್ಷಮಿಸಿದ ಅಕ್ಕ ಅಂದೆ.”

ತಂಗಿ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೌದಾ ಎಂದಳು. ಪೆನ್ನು ಕೊಡು ಎಂದಳು. ಆದರೆ ಆ ವರ್ಷದ ಶುಭ ಶುಕ್ರವಾರದ ತಾರೀಕು ಇಬ್ಬರಿಗೂ ಗೊತ್ತಿರಲಿಲ್ಲ.

ಬುಧವಾರ ಬ್ರದರ್ ಬಂದಾಗ ಸಂಭ್ರಮವೇ ಸಂಭ್ರಮ. ತಮ್ಮ ಮೊಬೈಲಿನಲ್ಲಿ ಹುಡುಕಿ ಆ ವರ್ಷದ ಶುಭ ಶುಕ್ರವಾರ ಯಾವ ತಾರೀಕಿಗೆ ಬಂದಿತ್ತು ಎಂದು ಅವರೇ ತೆಗೆದುಕೊಟ್ಟರು. ತಂಗಿ ಅದನ್ನು ಮೊದಲ ಹಾಳೆಯಲ್ಲಿ ಬರೆದಳು. ಬ್ರದರ್ ಚಪ್ಪಾಳೆ ತಟ್ಟಿದರು, ಕಣ್ಣು ಒರೆಸಿಕೊಂಡರು, ಇಪ್ಪತ್ತೈದು ನಿಮಿಷ ಪ್ರಾರ್ಥಿಸಿದರು. ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಸರ್ಕಾರಿ ಮೊಹರಿನ ಹಾಗಿದ್ದ ನಿಜವಾದ ಕಾಗದವನ್ನು ಒಪ್ಪದ ಮನುಷ್ಯ, ನಾನು ನಿಂತ ನಿಲುವಿನಲ್ಲಿ ಹೊಲಿದ ಸುಳ್ಳನ್ನು ಒಂದೂ ಪ್ರಶ್ನೆ ಕೇಳದೆ ತಲೆಯ ಮೇಲೆ ಹೊತ್ತುಕೊಂಡಿದ್ದರು. ಅವರ ಬಗ್ಗೆ ಅಷ್ಟೋ ಇಷ್ಟೋ ಉಳಿದಿದ್ದ ಗೌರವವೂ ಅಂದು ಹೋಯಿತು.

ಮರುದಿನ ಬೆಳಿಗ್ಗೆ ತಂಗಿಗೆ ತಲೆ ಬಾಚುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು, ಮುಖ ಕಾಣುತ್ತಿರಲಿಲ್ಲ.

“ಅಕ್ಕ, ಏಳನೇ ಕ್ಲಾಸಲ್ಲಿ ನಾನು ಹಾಸ್ಟೆಲಲ್ಲಿ ಇರ್ಲಿಲ್ಲ ಕಣೇ. ಟೈಫಾಯ್ಡ್ ಆಗಿ ಆ ವರ್ಷ ಪೂರ್ತಿ ಅಜ್ಜಿ ಮನೇಲಿದ್ದೆ.”

ನನ್ನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಸುಳ್ಳು ಹೇಳುವ ಅಭ್ಯಾಸವಿದ್ದವಳಾಗಿದ್ದರೆ ವರ್ಷವನ್ನು ಮೊದಲು ತಾಳೆ ನೋಡುತ್ತಿದ್ದೆ.

ಮತ್ತೆ ಯಾಕೆ ಬರೆದೆ ಎಂದು ಕೇಳಿದೆ. ಬ್ರದರ್‌ಗೆ ಒಂದು ತಾರೀಕು ಬೇಕಿತ್ತು, ಪಾಪ, ಕೊಟ್ಟೆ ಎಂದಳು. ನಿನಗೆ ಬೇಡವಾಗಿತ್ತಾ ಎಂದೆ.

“ನನಗೆ ಬೇಕಿದ್ದಿದ್ದು ಸಿಕ್ತು. ನೀನು ಆಣೆ ಇಟ್ಟೋಳಲ್ಲ, ಸುಳ್ಳು ಆಡಿದೋಳಲ್ಲ. ಅಂಥವಳು ನನಗೋಸ್ಕರ ದೇವರೆದುರಿಗೆ ಸುಳ್ಳು ಹೇಳಿದೆ. ನೀನೇ ಇಷ್ಟು ಮಾಡಿದ್ಮೇಲೆ ದೇವರು ಇದಕ್ಕಿಂತ ಕಮ್ಮಿ ಮಾಡ್ತಾನೇನೇ? ಬಾಚು, ಜಡೆ ಬಿಗಿ ಆಗ್ಲಿ.”

ಅಂದು ಅವಳು ಮಧ್ಯಾಹ್ನದ ಊಟ ಪೂರ್ತಿ ಮಾಡಿದಳು. ಚಾರ್ಟಿನಲ್ಲಿ ಬರೆದಿದ್ದೇನೆ. ಹನ್ನೊಂದು ದಿನಗಳ ನಂತರ, ಬೆಳಿಗ್ಗೆಯ ಮಾತ್ರೆ ನುಂಗಿ ಒರಗಿಕೊಂಡವಳು ಹಾಗೆಯೇ ಹೋದಳು. ಮುಖದಲ್ಲಿ ಭಯವಿರಲಿಲ್ಲ. ಬಹಳ ಮುಖಗಳನ್ನು ನೋಡಿದವಳು ನಾನು, ನನಗೆ ಗೊತ್ತಾಗುತ್ತದೆ...

ಸಮಾಧಿಯ ಹತ್ತಿರ ಅಯ್ಯನವರ ಪ್ರಾರ್ಥನೆ ಮುಗಿದ ಮೇಲೆ ಬ್ರದರ್ ಯಾರನ್ನೂ ಕೇಳದೆ ಮುಂದೆ ಬಂದು ನಿಂತರು. ಈ ನಮ್ಮ ಸಹೋದರಿ ಇಂಥ ತಾರೀಕು ಕರ್ತನಲ್ಲಿ ಹುಟ್ಟಿದರು ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿದರು. ನಾನು ತಿದ್ದಲಿಲ್ಲ. ಅದರ ಮುಂದಿನ ಬುಧವಾರ ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಕೂತವರೇ, ದೊಡ್ಡ ಸಿಸ್ಟರ್, ನಿಮ್ಮ ತಾರೀಕು ಯಾವುದು ಎಂದು ಕೇಳಿದರು. ತಂಗಿಯ ಮಂಚದ ಹಾಸಿಗೆಯನ್ನು ಇನ್ನೂ ಸುತ್ತಿಟ್ಟಿರಲಿಲ್ಲ.

“ಇನ್ಮೇಲೆ ಈ ಮನೆಗೆ ಬರಬೇಡಿ ಬ್ರದರ್,” ಎಂದೆ. ಅವರು ಎದ್ದು, ಅವರ ಕಡೆಯವರು ನಮಸ್ಕಾರಕ್ಕೆ ಹೇಳುವ ಹಾಗೆ ‘ಸ್ತೋತ್ರ’ ಎಂದು ಹೇಳಿ ಹೋದರು. ಆಮೇಲೆ ಬರಲಿಲ್ಲ.

ಆರೇಳು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಫೋನ್ ಬಂತು. ಬ್ರದರ್ ಸೊಸೆ ಅಂತ ಹೇಳಿಕೊಂಡಳು. ನಾಯಂಡಹಳ್ಳಿಯ ಶಾಪ್ ಮುಚ್ಚಿ ಅನ್ನಪೂರ್ಣೇಶ್ವರಿ ನಗರಕ್ಕೆ ಮನೆ ಬದಲಾಯಿಸಿದ್ದಾರಂತೆ. ಮಾವನಿಗೆ ಮರೆವಿನ ಕಾಯಿಲೆ. ಮಗನ ಗುರುತೂ ಸಿಗುವುದಿಲ್ಲ. ಸಾಮಾನು ಸಾಗಿಸುವಾಗ ಅವರ ಸತ್ಯವೇದ ಎಲ್ಲೋ ಕಳೆದುಹೋಗಿದೆ. ಈಗ ದಿನವಿಡೀ ಒಂದೇ ಪ್ರಶ್ನೆ ಕೇಳುತ್ತಾರಂತೆ: ನನ್ನ ತಾರೀಕು ಯಾವುದು?

“ನಾವು ಏನೋ ಒಂದು ಹೇಳಿ ನೋಡಿದ್ವಿ ಆಂಟಿ. ಅದಲ್ಲ, ಅದಲ್ಲ ಅಂತ ಅಳ್ತಾರೆ. ನಿಮ್ಮನೇಲಿ ವಾರವಾರ ಸಾಕ್ಷಿ ಹೇಳ್ತಿದ್ರಂತಲ್ಲ. ನಿಮಗೇನಾದ್ರೂ ಜ್ಞಾಪಕ ಇದ್ಯಾ?”

ನನ್ನ ಕಣ್ಣ ಮುಂದೆ ಬಂದದ್ದು ತಂಗಿ ಆ ಖಾಲಿ ಹಾಳೆ ತೆರೆದುಕೊಂಡು ಕೂತಿದ್ದ ಮಧ್ಯಾಹ್ನಗಳು. ಹುಟ್ಟಿದ್ದೇ ಗೊತ್ತಿಲ್ಲ ಅಂದರೆ ಎಂದು ಅವರು ಮೃದುವಾಗಿ ಕೇಳಿದ್ದು.

“ಇಲ್ಲಮ್ಮ, ನೆನಪಿಲ್ಲ,” ಎಂದೆ. ಅವಳು, ಪರವಾಗಿಲ್ಲ ಆಂಟಿ, ಎಂದು ವಿಳಾಸ ಕೊಟ್ಟಳು, ಒಂದು ಸಲ ಬಂದು ನೋಡಿ ಎಂದಳು. ಫೋನ್ ಇಟ್ಟು, ಹೊತ್ತಾಗಿತ್ತು ಎಂದು ಗಿಡಗಳಿಗೆ ನೀರು ಹಾಕಿದೆ. ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ನಾಲ್ಕು ತಿಂಗಳ ನಂತರ ದೇವಾಲಯದಲ್ಲಿ ಯಾರೋ ಮಾತಿನ ನಡುವೆ ಹೇಳಿದಾಗ ತಿಳಿಯಿತು. ತಾರೀಕು ಸಿಕ್ಕಿತೋ ಇಲ್ಲವೋ ನಾನು ಕೇಳಲಿಲ್ಲ.

ಅವರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೃಪೆಯನ್ನು ಗೇಜಿನಲ್ಲಿ ಅಳೆಯಲು ಹೊರಟ ಮನುಷ್ಯ. ಸಾಯುತ್ತಿರುವವಳಿಗೆ ಪರೀಕ್ಷೆ ಇಟ್ಟ ಮನುಷ್ಯ. ಅವರು ಇಲ್ಲವೆಂದು ಈ ಬೀದಿಗೆ ನಷ್ಟವೇನೂ ಆಗಿಲ್ಲ. ಆದರೂ ಬುಧವಾರ ಮಧ್ಯಾಹ್ನ ಮನೆ ಬಹಳ ದೊಡ್ಡದಾಗಿ ಕಾಣುತ್ತದೆ. ತಂಗಿಯ ಮುಖ ನೆನೆಸಿಕೊಂಡರೆ ಅದರ ಪಕ್ಕದಲ್ಲೇ ಆ ಕುರ್ಚಿಯ ತುದಿಯಲ್ಲಿ ಅವರೂ ಕೂತಿರುತ್ತಾರೆ, ಎಬ್ಬಿಸಿ ಕಳಿಸಲು ಆಗುವುದಿಲ್ಲ. ಅವರು ಹೇಳುತ್ತಿದ್ದ ತಾರೀಕು, ತಿಂಗಳು, ವರ್ಷ, ವಾರ ಎಲ್ಲಾ ನನಗೆ ಅಂದೂ ಬಾಯಿಪಾಠವಾಗಿತ್ತು, ಇಂದೂ ಆಗಿದೆ. ಈಗ ಅದನ್ನು ಕೇಳುವವರು ಯಾರೂ ಇಲ್ಲ.

ಕೊಲೆ ಮಾಡಿ ಬಂದವನ ಗಾಯವನ್ನು ತೊಳೆದಿದ್ದೇನೆ. ಹೆಂಡತಿಗೆ ಬೆಂಕಿ ಹಚ್ಚಲು ಹೋಗಿ ತಾನೇ ಸುಟ್ಟುಕೊಂಡವನಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದೇನೆ. ವಾರ್ಡಿನಲ್ಲಿ ಯಾರ ಯೋಗ್ಯತೆಯನ್ನೂ ಕೇಳಿಕೊಂಡು ನಾನು ಹಾಸಿಗೆಯ ಬಳಿಗೆ ಹೋದವಳಲ್ಲ. ಅನ್ನಪೂರ್ಣೇಶ್ವರಿ ನಗರಕ್ಕೆ ನಮ್ಮ ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ.